ಸೇತುವೆ ಕಟ್ಟಿದ ದಿವಾನರು

ನಾಗಮಂಗಲದ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ: 'ವಾರವಾರ ಕೋಟೆ, ಬತೇರಿ ಸುತ್ತಿ ಬರೆಯುತ್ತೀರಿ. ಟಿಪ್ಪುವಿನ ಉಪ್ಪುಂಡ ಪೂರ್ಣಯ್ಯ ಇಂಗ್ಲಿಷರು ಗೆದ್ದ ಮೇಲೂ ದಿವಾನರಾದರಲ್ಲ, ಅದು ದ್ರೋಹವಲ್ಲವೇ?'

ಈ ಭಾನುವಾರ ಅದೇ ಪ್ರಶ್ನೆ ಹೊತ್ತು ಶ್ರೀರಂಗಪಟ್ಟಣಕ್ಕೆ ಹೋದೆ.

ಆ ಕಾಲದ ಅಧಿಕಾರಿಗೆ ಪಕ್ಷ ಬದಲಿಸುವುದೆಂದರೆ ಏನೆಂದು ಖಂಡೇರಾಯನ ಕತೆಯಲ್ಲಿದೆ. ಟಿಪ್ಪುವಿನ ತಂದೆ ಹೈದರನೇ ಮೇಲೆ ತಂದ ಮನುಷ್ಯ. 1760ರಲ್ಲಿ ಒಡೆಯರ ಅರಮನೆಯ ಪರ ತಿರುಗಿ ನಿಂತ. ಹೈದರ್ ರಾತ್ರೋರಾತ್ರಿ ಪಟ್ಟಣ ಬಿಟ್ಟು ಓಡಬೇಕಾಯಿತು. ಮರುವರ್ಷ ಮೇಲುಗೈಯಾದಾಗ ಅರಮನೆಯವರು ಖಂಡೇರಾಯನ ಪ್ರಾಣಭಿಕ್ಷೆ ಬೇಡಿದರು. ಗಿಣಿಯಂತೆ ಸಾಕುತ್ತೇನೆ ಎಂದ ಹೈದರ್, ಕಬ್ಬಿಣದ ಪಂಜರದಲ್ಲಿ ಕೂಡಿ ಹಾಲು–ಅನ್ನ ಹಾಕಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ.

ಪೂರ್ಣಯ್ಯನವರಿಗೆ ಅಂಥ ಗಳಿಗೆ ಬಂದದ್ದು 1782ರ ಡಿಸೆಂಬರಿನಲ್ಲಿ. ಹೈದರ್ ಚಿತ್ತೂರಿನ ಹತ್ತಿರ ದಂಡಿನಲ್ಲೇ ತೀರಿಕೊಂಡ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಡು ಒಡೆಯುತ್ತಿತ್ತು. ಪೂರ್ಣಯ್ಯ, ಅವರ ಜೊತೆಯ ಅಧಿಕಾರಿ ಕೃಷ್ಣರಾಯರು ಮತ್ತಿತರರು ಬಾಯಿ ಬಿಗಿಹಿಡಿದರು. ದೇಹವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸರಕೋ ಎಂಬಂತೆ ಕಾವಲಿನಲ್ಲಿ ಕೋಲಾರಕ್ಕೆ ಸಾಗಿಸಿದರು. ಹೈದರನ ಕಿರಿಯ ಮಗನನ್ನು ಪಟ್ಟಕ್ಕೇರಿಸುವ ಸಂಚನ್ನೂ ಮುರಿದರು. ಟಿಪ್ಪು ಬಂದಾಗ ಸೈನ್ಯ, ಖಜಾನೆ ಎರಡೂ ಇಟ್ಟಲ್ಲೇ ಇದ್ದವು. ದ್ರೋಹ ಬಗೆಯುವ ಮನಸ್ಸಿದ್ದವರಿಗೆ ಅದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು?

1799ರ ಮೇ 4ರಂದು ಟಿಪ್ಪು ಬಿದ್ದ. ಅವನ ಮಂತ್ರಿ ಮೀರ್ ಸಾದಿಕ್‌ನನ್ನು ದ್ರೋಹಿಯೆಂದು ಟಿಪ್ಪುವಿನ ಕಡೆಯವರೇ ಅಂದೇ ಕೊಂದರು. ಪೂರ್ಣಯ್ಯ ಇಂಗ್ಲಿಷ್ ಸೇನಾಪತಿ ಜನರಲ್ ಹ್ಯಾರಿಸ್‌ಗೆ ಶರಣಾದರು ನಿಜ. ಆದರೆ ಟಿಪ್ಪುವಿನ ಮಗ ಫತೇ ಹೈದರನನ್ನೇ ಪಟ್ಟಕ್ಕೇರಿಸಿ ಎಂಬ ಸಲಹೆಯನ್ನೂ ಕೊಟ್ಟರು. ಇಂಗ್ಲಿಷರು ಒಪ್ಪಲಿಲ್ಲ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನರಾದರು.

ಚೀನಾದಲ್ಲೂ ಇಂಥವನೊಬ್ಬನಿದ್ದ, ಫೆಂಗ್ ದಾವೊ. ಹತ್ತನೇ ಶತಮಾನದಲ್ಲಿ ರಾಜವಂಶಗಳು ಒಂದರ ಮೇಲೊಂದು ಉರುಳುತ್ತಿದ್ದಾಗ ಒಂದಾದ ಮೇಲೊಂದಕ್ಕೆ ಮಂತ್ರಿಯಾಗಿ ಉಳಿದ. ಮುಂದಿನ ಇತಿಹಾಸಕಾರ ಔಯಾಂಗ್ ಶಿಯು ಅವನನ್ನು ಮಾನಗೇಡಿ ಎಂದು ಜರಿದ. ಆದರೆ 932ರಲ್ಲಿ ಅವನು ತೊಡಗಿಸಿದ ಕನ್‌ಫ್ಯೂಷಿಯನ್ ಗ್ರಂಥಗಳ ಮರದಚ್ಚಿನ ಮುದ್ರಣ ದೊರೆಗಳು ಬದಲಾದರೂ ನಿಲ್ಲದೆ 953ರಲ್ಲಿ ಮುಗಿಯಿತು.

ಪೂರ್ಣಯ್ಯನವರನ್ನೂ ನಾನು ಹಾಗೆಯೇ ಅಳೆಯುತ್ತೇನೆ. ಅವರು ಕಟ್ಟಿಸಿದ 1804ರ ವೆಲ್ಲೆಸ್ಲಿ ಸೇತುವೆಯ ಕೆಳಗಿಳಿದು ನೋಡಿ. ಒರಟು ಕಲ್ಲುಕಂಬ, ಅದರ ಮೇಲೆ ಕಲ್ಲುತೊಲೆ, ಮೇಲೆ ಚಪ್ಪಡಿ. ಗವರ್ನರ್ ಜನರಲನ ಹೆಸರಿಟ್ಟದ್ದು ಗೆದ್ದವರನ್ನು ಒಲಿಸಲು. ಆದರೆ ಹೊಳೆ ದಾಟಿದ್ದು ನಮ್ಮ ಎತ್ತಿನಗಾಡಿಗಳು. ಪೂರ್ಣಯ್ಯನವರ ಮೇಲೆ ನನಗೆ ಮುನಿಸಿರುವುದು ಬೇರೆ ಕಾರಣಕ್ಕೆ: 1811ರಲ್ಲಿ ಅಧಿಕಾರ ಬಿಡುವಾಗ ಖಜಾನೆಯಲ್ಲಿ ಎರಡು ಕೋಟಿಗೂ ಮೀರಿ ರೂಪಾಯಿ ಕೂಡಿತ್ತು. ಅದರ ಹೆಚ್ಚಿನ ಪಾಲು ಬಂದದ್ದು ರೈತರ ಕಂದಾಯದಿಂದ ತಾನೇ!

ಹಿಂದಿರುಗುವಾಗ ಹೊಳೆದಂಡೆಯ ಡಾಕ್ಟರ್ಸ್ ಬಂಗಲೆಯ ಮುಂದೆ ನಿಂತೆ. ಪಟ್ಟಣ ಬಿದ್ದ ಮೇಲೆ ಹ್ಯಾರಿಸ್ ಇಳಿದುಕೊಂಡಿದ್ದ ಮನೆ. 1812ರ ಮಾರ್ಚಿನಲ್ಲಿ ಪೂರ್ಣಯ್ಯ ಕೊನೆಯುಸಿರೆಳೆದದ್ದೂ ಅಲ್ಲಿಯೇ.