ಒಡಲು ಮರೆಯದ ಹಸಿವು

ಕನ್ನಡದಲ್ಲಿ ಹಸಿವಿನ ಬರಹಕ್ಕೆ ಕೊರತೆಯಿಲ್ಲ. ಆತ್ಮಕಥೆಗಳಲ್ಲಂತೂ ಅದಕ್ಕೊಂದು ಸವೆದ ದಾರಿಯೇ ಇದೆ. ಬಾಲ್ಯದಲ್ಲಿ ಗಂಜಿಗೂ ಗತಿಯಿಲ್ಲ. ಯಾವುದೋ ಹಾಸ್ಟೆಲು ಅಥವಾ ವಾರಾನ್ನದ ಮನೆ ಕೈಹಿಡಿಯುತ್ತದೆ. ಆಮೇಲೆ ಓದು, ನೌಕರಿ, ಶಹರ. ತಟ್ಟೆ ತುಂಬಿದ ಪುಟದಲ್ಲಿ ಹಸಿವಿನ ಅಧ್ಯಾಯ ಮುಗಿಯುತ್ತದೆ. ಇಳಿವಯಸ್ಸಿನ ಪುಟಗಳಲ್ಲಿ ಸಕ್ಕರೆ ಕಾಯಿಲೆಯೋ ಬೈಪಾಸ್ ಆಪರೇಷನ್ನೋ ಬಂದರೆ ಅದರ ಧಾಟಿಯೇ ಬೇರೆ, ಹೆಚ್ಚಾಗಿ ತಮಾಷೆಯದು. ಈ ಎರಡು ಅಧ್ಯಾಯಗಳು ಒಂದೇ ಕತೆಯ ಎರಡು ತುದಿಗಳಿರಬಹುದೆಂಬ ಅನುಮಾನ ನಮ್ಮ ಬರಹಕ್ಕಾಗಲಿ ವಿಮರ್ಶೆಗಾಗಲಿ ಇನ್ನೂ ಸರಿಯಾಗಿ ತಟ್ಟಿಲ್ಲ ಎಂಬುದು ನನ್ನ ತಕರಾರು.

ಆ ಅನುಮಾನಕ್ಕೆ ಆಧಾರ ಒದಗಿಸಿದ್ದು ಆಸ್ಪತ್ರೆಗಳ ಹಳೆಯ ರಿಜಿಸ್ಟರುಗಳು. ಅಂಥದೊಂದು ನಮ್ಮ ಮೈಸೂರಿನದೇ. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಸುಮಾರು ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ ಇತ್ತು. ಮೂರು ಕೆಜಿ ದಾಟಿ ಚೆನ್ನಾಗಿ ತೂಗಿದವರಲ್ಲಿ ಅದು ಶೇ. 3. ತಾಯಿಯೂ ಬಡಕಲು, ಮಗುವೂ ಬಡಕಲು ಆಗಿದ್ದ ಕಡೆ ಶೇ. 20. ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ ತಮ್ಮ ದೇಶದ ಹಳೆಯ ದಾಖಲೆಗಳಲ್ಲಿ ಕಂಡದ್ದು ಮೈಸೂರಿನಲ್ಲೂ ಕಂಡಿತು. ಅವರ ವಿವರಣೆ ಸರಳ. ಆಹಾರ ಸಾಲದಾದಾಗ ಗರ್ಭದ ಕೂಸು ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ; ಮೂತ್ರಪಿಂಡ, ಮೇದೋಜ್ಜೀರಕ ಗ್ರಂಥಿ, ಸ್ನಾಯುಗಳ ಪಾಲಿಗೆ ಕತ್ತರಿ ಬೀಳುತ್ತದೆ. ಹಾಗೆ ಕಟ್ಟಿಕೊಂಡ ಮೈ ಮುಂದೆಯೂ ಕೊರತೆಯ ಲೆಕ್ಕದಲ್ಲೇ ಬದುಕುತ್ತದೆ.

ಇದು ಬಡತನದ ಬೇರೆ ತೊಂದರೆಗಳ ಫಲವೂ ಇರಬಹುದಲ್ಲ ಎಂದು ಕೇಳಬಹುದು. ಅದಕ್ಕೆ ನೆದರ್ಲೆಂಡ್ಸಿನ 1944-45ರ ಹಸಿವಿನ ಚಳಿಗಾಲವನ್ನು ನೋಡಬೇಕು. ಜರ್ಮನ್ ಸೇನೆ ಆಹಾರ ಸಾಗಣೆ ತಡೆದು, ಅಲ್ಲಿಯವರೆಗೆ ತಕ್ಕಮಟ್ಟಿಗೆ ಉಂಡಿದ್ದ ಜನ ದಿನಕ್ಕೆ ಸಾವಿರ ಕ್ಯಾಲರಿಗೂ ಕಡಿಮೆ ಪಡಿತರಕ್ಕೆ ಇಳಿದರು. ಯುದ್ಧ ಮುಗಿದದ್ದೇ ಊಟ ಮರಳಿತು. ಆ ತಿಂಗಳುಗಳಲ್ಲಿ ಗರ್ಭದಲ್ಲಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಂದಿತ್ತು. ಬಸಿರಿನ ಮೊದಲ ತಿಂಗಳುಗಳಲ್ಲಿ ಹಸಿವು ತಾಗಿದವರು ಹುಟ್ಟುವಾಗ ಹೆಚ್ಚುಕಡಿಮೆ ಸರಿಯಾದ ತೂಕವನ್ನೇ ತೂಗಿದ್ದರು. ಆದರೂ ಅವರಲ್ಲಿ ಹೃದಯದ ಕಾಯಿಲೆ ಹೆಚ್ಚು. ತಕ್ಕಡಿಗೂ ಕಾಣದ ಹಸಿವು ಮೈಯಲ್ಲಿ ಉಳಿದಿತ್ತು.

ಈ ತಿಳಿವಳಿಕೆಯೊಂದಿಗೆ ದೇವನೂರ ಮಹಾದೇವರ ‘ಒಡಲಾಳ’ವನ್ನು ಮತ್ತೆ ಓದಿದೆ. ಹುಂಜ ಕಳೆದುಕೊಂಡ ಸಾಕವ್ವನ ಮನೆಯಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸೇರಿ ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವ ಪ್ರಸಂಗ ಎಲ್ಲರಿಗೂ ಗೊತ್ತು. ಹುಡುಕಿಕೊಂಡು ಬಂದ ಪೊಲೀಸರಿಗೆ ಕಡಲೆಕಾಯಿ ಸಿಗುವುದಿಲ್ಲ. ನಾವು ಇದನ್ನು ಸಾಮಾನ್ಯವಾಗಿ ಹಸಿದವರ ಹಬ್ಬವೆಂದೋ ಸದ್ದಿಲ್ಲದ ಪ್ರತಿಭಟನೆಯೆಂದೋ ಓದುತ್ತೇವೆ. ಎರಡೂ ಸರಿಯೇ. ಆದರೆ ಕತೆಯ ಹೆಸರನ್ನೇ ನಾವು ಸಾಕಷ್ಟು ಓದಿಲ್ಲ. ಒಡಲು ಎಂದರೆ ಹೊಟ್ಟೆ, ಮೈ, ಬಸಿರು ಮೂರೂ ಹೌದು. ಹೊಟ್ಟೆಯ ಹಸಿವು ಆ ರಾತ್ರಿಗೆ ತೀರಿತು. ಮೈಯೂ ಬಸಿರೂ ಇಟ್ಟುಕೊಂಡ ಲೆಕ್ಕ ಒಂದು ರಾತ್ರಿಗೆ ತೀರುವಂಥದಲ್ಲ. ಮಹಾದೇವರು ವೈದ್ಯಶಾಸ್ತ್ರ ಬರೆಯುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಹಸಿವನ್ನು ಒಂದು ಹೊತ್ತಿನ ಸಂಗತಿಯಾಗಿ ನೋಡದ ಕಣ್ಣು ಆ ಕತೆಗಿದೆ. ಅದನ್ನು ಸುಖಾಂತಕ್ಕೆ ಎಳೆಯದಿರುವ ಸಂಯಮವೂ ಇದೆ. ‘ಊರು ಕೇರಿ’ಯಲ್ಲಿ ಸಿದ್ದಲಿಂಗಯ್ಯನವರು ಬಡತನವನ್ನು ನಗುತ್ತ ಹೇಳಿದ ಬಗೆ ದೊಡ್ಡದು. ಅಲ್ಲಿ ತೊಡಕಿರುವುದು ಓದುಗರಾದ ನಮ್ಮಲ್ಲಿ. ಅವರು ನಕ್ಕರಲ್ಲ, ಇನ್ನು ಆ ಹಸಿವಿನ ಬಾಕಿ ಚುಕ್ತಾ ಆಯಿತೆಂದು ನಾವು ನೆಮ್ಮದಿಯಾಗಿಬಿಡುತ್ತೇವೆ.

ಊರು ಬಿಟ್ಟು ಬಂದವರಿಗೆ ಈ ಮಾತು ಇನ್ನೂ ಹತ್ತಿರದ್ದು. ದೆಹಲಿಯಲ್ಲಿ 1969ರಿಂದ 72ರ ನಡುವೆ ಹುಟ್ಟಿದ 1492 ಮಂದಿಯನ್ನು ಬಾಲ್ಯದಿಂದಲೇ ಅಳೆಯುತ್ತ ಬಂದ ಅಧ್ಯಯನವೊಂದಿದೆ. ಇಪ್ಪತ್ತಾರರಿಂದ ಮೂವತ್ತೆರಡರ ವಯಸ್ಸಿಗೇ ರಕ್ತದ ಸಕ್ಕರೆ ಏರಿದವರು ಹೆಚ್ಚಾಗಿ ಎರಡು ವರ್ಷದವರೆಗೆ ತೆಳ್ಳಗಿದ್ದು ಆಮೇಲೆ ಮೈತುಂಬಿಕೊಂಡವರು. ಅಂದರೆ ನಮ್ಮ ಆತ್ಮಕಥೆಗಳು ಮಂಗಳ ಹಾಡುವ ಜಾಗದಲ್ಲಿ, ತಟ್ಟೆ ತುಂಬಿದಲ್ಲಿ, ಮೈಯ ಕತೆ ತಿರುವು ಪಡೆಯುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಅಳೆದರು. ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5. ಕೈಕಾಲು ಕಡ್ಡಿ, ಸ್ನಾಯು ಕಡಿಮೆ, ಆದರೆ ಕೊಬ್ಬು ಮಾತ್ರ ಹೆಚ್ಚು ತಗ್ಗಿರಲಿಲ್ಲ. ಕಂಪನಿಯ ಹೆಲ್ತ್ ಚೆಕಪ್ಪಿನಲ್ಲಿ ತೂಕ ಸರಿಯಿದ್ದೂ ಸಕ್ಕರೆ ಮೇಲಿರುವ ನಮ್ಮ ಅನೇಕರ ರಿಪೋರ್ಟಿಗೆ ಇಂಥದೊಂದು ಪೂರ್ವಕತೆ ಇರಬಹುದು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎನ್ನುತ್ತೇವೆ. ಕಾಯಿಲೆ ಬಂತೆಂದರೆ ಉಣ್ಣಲು ಬಾರದವನು ಎಂಬ ತೀರ್ಪು ಆ ಗಾದೆಯ ಬೆನ್ನಿಗೇ ಬರುತ್ತದೆ. ‘ಜೀವನಶೈಲಿಯ ಕಾಯಿಲೆ’ ಎಂಬ ಇಂದಿನ ಮಾತು ಅದೇ ಗಾದೆಯ ಇಸ್ತ್ರಿ ಹಾಕಿದ ರೂಪ. ಕಟ್ಟಡದ ಕೆಲಸಕ್ಕೆ ಬಂದ ಕೂಲಿಯವನಿಗೆ ನಲವತ್ತರಲ್ಲಿ ಸಕ್ಕರೆ ಬಂದರೆ ಅವನ ಯಾವ ಶೈಲಿಯನ್ನು ದೂರುವುದು? ಹಾಗೆಂದು ತಪ್ಪನ್ನು ಅವನಿಂದ ಎತ್ತಿ ಅವನ ತಾಯಿಯ ತಲೆಗೆ ಕಟ್ಟುವುದೂ ಅನ್ಯಾಯ. ಬಸುರಿಯಾಗಿ ಬಿಸಿಲಲ್ಲಿ ಕಳೆ ಕಿತ್ತು, ಎಲ್ಲರ ಊಟವಾದ ಮೇಲೆ ತಳದ ಮುದ್ದೆ ಉಂಡವಳ ಪಾಲನ್ನು ಕಸಿದವರು ಯಾರೆಂದು ಕೇಳಬೇಕಾದದ್ದು ಸಾಹಿತ್ಯ. ರಿಜಿಸ್ಟರು ಅದನ್ನು ಬರೆಯುವುದಿಲ್ಲ.

ಇದೆಲ್ಲ ಹಣೆಬರಹ ಎಂದು ಬರೆದುಬಿಟ್ಟರೆ ಅದು ಇನ್ನೊಂದು ಸುಳ್ಳು. ಕಡಿಮೆ ತೂಕದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಇಲ್ಲಿರುವುದು ಹೆಚ್ಚಿದ ಅಪಾಯ. ಹೈದರಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ 1987ರಿಂದ 90ರವರೆಗೆ ಬಸುರಿಯರಿಗೂ ಪುಟ್ಟ ಮಕ್ಕಳಿಗೂ ಉಪ್ಪಿಟ್ಟಿನಂಥ ಪೂರಕ ಆಹಾರ ಕೊಟ್ಟಿದ್ದರು. ಆ ಮಕ್ಕಳು ಹದಿಮೂರರಿಂದ ಹದಿನೆಂಟರ ವಯಸ್ಸಿನಲ್ಲಿ, ಆ ಸೌಲಭ್ಯ ತಡವಾಗಿ ಬಂದ ಹಳ್ಳಿಗಳ ಮಕ್ಕಳಿಗಿಂತ 14 ಮಿಲಿಮೀಟರ್ ಎತ್ತರವಿದ್ದರು. ಇನ್ಸುಲಿನ್ ಅವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು, ರಕ್ತನಾಳಗಳ ಬಿಗಿತ ಕಡಿಮೆಯಿತ್ತು. ಅಂಗನವಾಡಿಯ ಒಂದು ತಟ್ಟೆ ಮೈಯ ಕತೆಯನ್ನು ಅಷ್ಟರಮಟ್ಟಿಗೆ ತಿದ್ದಬಲ್ಲದು.

ನಮ್ಮ ಆತ್ಮಕಥೆಗಳಿಂದ ನಾನು ಕೇಳುವುದು ಇಷ್ಟೆ. ನೌಕರಿ ಸಿಕ್ಕ ದಿನಕ್ಕೆ ಹಸಿವಿನ ಅಧ್ಯಾಯ ಮುಚ್ಚಬೇಡಿ. ಐವತ್ತರ ಸಕ್ಕರೆಯ ಮಾತು ಬಂದಾಗ ಐದರ ಗಂಜಿಯನ್ನೂ, ಅದಕ್ಕೂ ಮೊದಲು ಅವ್ವ ಉಣ್ಣದೆ ಮಲಗಿದ ರಾತ್ರಿಗಳನ್ನೂ ಅದರ ಪಕ್ಕದಲ್ಲೇ ಇಡಿ. ವಿಮರ್ಶೆಯೂ ‘ಹಸಿವನ್ನು ಗೆದ್ದ ಕತೆ’ ಎಂಬ ಮಾತನ್ನು ಸ್ವಲ್ಪ ತಡೆದು ಬಳಸಲಿ. ಗೆದ್ದದ್ದು ನಿಜ. ಆ ಗೆಲುವಿಗೆ ಮೈ ಇನ್ನೂ ಕಂತು ಕಟ್ಟುತ್ತಿದೆ ಎಂಬುದೂ ಕತೆಯೊಳಗೆ ಬರಲಿ.