ತೆರಬಂಡಿಯ ಗತ್ತು

ಓಡುವ ಬಂಡಿಗಿಂತ ಉರುಳದ ಬಂಡಿಯ ಸ್ಪರ್ಧೆಯೇ ನನಗೆ ಹೆಚ್ಚು ಇಷ್ಟ. ಅಮೀನಗಡ, ಹುನಗುಂದ ಸೀಮೆಯ ಜಾತ್ರೆಗಳಲ್ಲಿ ತೆರಬಂಡಿ ಎಂದರೆ ಅದೇ. ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಎತ್ತಿನ ಜೋಡಿ ನಿಗದಿತ ಹೊತ್ತಿನೊಳಗೆ ಎಷ್ಟು ದೂರ ಜಗ್ಗಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ಕೊಂಬು ಹಿಂದಕ್ಕೆ ಬಾಗಿದ ಬಿಳಿ ಖಿಲಾರಿ ಎತ್ತುಗಳು ಮುಂಗಾಲು ಮಡಚಿ, ಹೆಗಲು ತಗ್ಗಿಸಿ ಮೊದಲ ಗೇಣು ಕೀಳುವ ಆ ಕ್ಷಣವೇ ಇಡೀ ಆಟ. ಎರಡೂ ಒಟ್ಟಿಗೆ ಹೆಗಲು ಕೊಡದಿದ್ದರೆ ಬಂಡಿ ಕದಲದು. ಬಾರುಕೋಲು ಬೀಸದೆ ಬರೀ ಕೂಗಿನಲ್ಲೇ ಜೋಡಿ ಕೂಡಿಸುವವನೇ ನಿಜವಾಗಿ ಬಂಡಿ ಹೊಡೆಯುವವನು. ಹೊಡೆದು ಗೆದ್ದವನಿಗೆ ನಾನಂತೂ ಚಪ್ಪಾಳೆ ತಟ್ಟಲಾರೆ.

2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಇಂಥ ಆಟಗಳಿಗೆ ತಡೆ ಬಿದ್ದಿತ್ತು. ಕಂಬಳ, ಎತ್ತಿನಗಾಡಿ ಓಟಗಳಿಗಾಗಿ ರಾಜ್ಯ ಮಾಡಿದ ಕಾನೂನು ತಿದ್ದುಪಡಿಯನ್ನು ಅದೇ ನ್ಯಾಯಾಲಯ 2023ರ ಮೇ 18ರಂದು ಎತ್ತಿಹಿಡಿಯಿತು. ಆದರೂ ದನದ ನೋವಿನ ಪ್ರಶ್ನೆ ಕಣದಲ್ಲೇ ಉಳಿದಿದೆ, ಉಳಿಯಲಿ.

ಕಣದಾಚೆ ಗಿರಮಿಟ್ಟು, ಮಿರ್ಚಿ, ಬೆಂಡು-ಬತ್ತಾಸು. ಗೆದ್ದ ಜೋಡಿಗೆ ಗುಲಾಲು, ಹಲಗೆಯ ಸದ್ದು. ಬಂದವರ ಚೀಲಕ್ಕೆ ಅಂಟು, ಬೆಲ್ಲ, ಉತ್ತತ್ತಿಯ ಅಮೀನಗಡ ಕರದಂಟು. ರಾತ್ರಿ ನಾಟಕವಿದ್ದರೆ ಮನೆಗೆ ಹೋಗುವ ಮಾತೇ ಇಲ್ಲ.