ಎಲೆಮನೆ ಎಂಬ ಹೆಸರು, ಕಲ್ಲಾದ ಇರುವೆ

ಹೊಸ ಪ್ರಭೇದವೊಂದನ್ನು ವರ್ಣಿಸುವ ವೈಜ್ಞಾನಿಕ ಪ್ರಬಂಧವನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದುವುದು ಕಡಿಮೆ. ನಾನು ಓದತೊಡಗಿದ್ದು ನನ್ನ ಸಂಶೋಧನೆಯ ದೆಸೆಯಿಂದ. ನನ್ನ ವಿಷಯ ಗ್ರಂಥಸಂಪಾದನೆ. ಹುಳು ತಿಂದ ಓಲೆಗರಿ, ಒಡೆದ ಶಾಸನಗಳ ಮುಂದೆ ಕೂತು, ಇಲ್ಲದ ಅಕ್ಷರವನ್ನು ಎಷ್ಟು ಧೈರ್ಯದಿಂದ ತುಂಬಬಹುದು ಎಂದು ಲೆಕ್ಕ ಹಾಕುವ ಕೆಲಸ. ಪಳೆಯುಳಿಕೆಯಿಂದ ಅಳಿದ ಜೀವಿಯನ್ನು ಬರೆಯುವವರದೂ ಇದೇ ಪಾಡು. ಅವರ ಬರವಣಿಗೆಗೆ ನಮಗಿಂತ ಕಟ್ಟುನಿಟ್ಟಾದ ಛಂದಸ್ಸಿದೆ ಎಂಬುದಷ್ಟೇ ವ್ಯತ್ಯಾಸ.

ಆ ಛಂದಸ್ಸು ಹೀಗೆ: ಮೊದಲು ಹೆಸರು. ಆಮೇಲೆ ಆ ಹೆಸರನ್ನು ಹೊರುವ ಒಂದೇ ಒಂದು ಮಾದರಿ, ಅಂದರೆ ಹೋಲೋಟೈಪ್. ನಂತರ ಇದನ್ನು ಬಂಧುಗಳಿಂದ ಬೇರ್ಪಡಿಸುವ ಲಕ್ಷಣಗಳು. ಕೊನೆಗೆ ವರ್ಣನೆ: ತಲೆಯ ಉದ್ದ, ದವಡೆಯ ಆಕಾರ, ರೆಕ್ಕೆಯ ನರಗಳು. ವರ್ಣನೆಯಲ್ಲಿ ಕ್ರಿಯಾಪದಗಳೇ ಹೆಚ್ಚುಕಡಿಮೆ ಇರುವುದಿಲ್ಲ. ‘ತಲೆ ಅಗಲಕ್ಕಿಂತ ಉದ್ದ, ಕಾಲುಗಳು ನೀಳ’ ಎಂಬ ಧಾಟಿ. ನಮ್ಮ ಹಳೆಯ ನಿಘಂಟುಕಾರರಿಗೆ ಇದು ಅಪರಿಚಿತ ಅನ್ನಿಸುತ್ತಿರಲಿಲ್ಲ.

ನಾನು ಮತ್ತೆ ಮತ್ತೆ ಓದಿದ ಪ್ರಬಂಧ 1964ರದು. ಎಡ್ವರ್ಡ್ ವಿಲ್ಸನ್ ಮತ್ತು ರಾಬರ್ಟ್ ಟೇಲರ್ ಅದನ್ನು ‘ಸೈಕಿ’ ಎಂಬ ಕೀಟಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೀನ್ಯಾದ ವಿಕ್ಟೋರಿಯಾ ಸರೋವರದಲ್ಲಿ ಮ್ಫಾಂಗಾನೊ ಎಂಬ ದ್ವೀಪವಿದೆ. ಅಲ್ಲಿನ ಮಯೋಸೀನ್ ಕಾಲದ, ಇಂದಿಗೆ ಹತ್ತಿರ ಹತ್ತಿರ ಎರಡು ಕೋಟಿ ವರ್ಷ ಹಿಂದಿನ ಪದರದಲ್ಲಿ ಇರುವೆಗಳ ಗುಂಪೊಂದು ಕಲ್ಲಾಗಿ ಸಿಕ್ಕಿತು. ಒಂದೋ ಎರಡೋ ಅಲ್ಲ, 366. ಕೆಲಸಗಾರ ಇರುವೆಗಳ ಜೊತೆಗೆ ಮರಿಹುಳುಗಳೂ ಕೋಶಗಳೂ ಇದ್ದವು. ಅದಕ್ಕೆ ಈಕೊಫಿಲ್ಲ ಲೀಕಿಯಿ ಎಂದು ಹೆಸರಿಟ್ಟರು.

ಈಕೊಫಿಲ್ಲ ನಮಗೆ ಗೊತ್ತಿಲ್ಲದ ಕುಲವೇನಲ್ಲ. ಮಲೆನಾಡಿನ ಚಗಳಿ ಇದೇ ಕುಲದ್ದು, ಮಾವಿನ ಮರ ಹತ್ತಿದವರನ್ನು ಕಚ್ಚಿ ಇಳಿಸುವ ಆ ಕೆಂಪಿರುವೆ. ಇವತ್ತು ಈ ಕುಲದಲ್ಲಿ ಬದುಕಿರುವುದಾಗಿ ಎಣಿಸುತ್ತ ಬಂದಿರುವುದು ಎರಡೇ ಪ್ರಭೇದ: ಏಷ್ಯಾ ಮತ್ತು ಆಸ್ಟ್ರೇಲಿಯಾದ್ದೊಂದು, ಆಫ್ರಿಕಾದ್ದೊಂದು. ನಮ್ಮದರ ಹೆಸರು ಸ್ಮರಾಗ್ಡಿನ, ಅಂದರೆ ಪಚ್ಚೆಯಂಥದ್ದು. ಕೆಂಪು ಚಗಳಿಗೆ ಪಚ್ಚೆಯ ಹೆಸರೇ ಎಂದು ನಗು ಬರಬಹುದು. ಆದರೆ ಅದರ ರಾಣಿ ಹಸಿರು.

ನೇಯುವ ಕೆಲಸ ಹೀಗೆ ನಡೆಯುತ್ತದೆ. ಕೆಲಸಗಾರರು ಒಬ್ಬರ ಸೊಂಟ ಒಬ್ಬರು ಹಿಡಿದು ಸರಪಳಿ ಕಟ್ಟಿ ಎರಡು ಎಲೆಗಳ ಅಂಚನ್ನು ಹತ್ತಿರ ತರುತ್ತಾರೆ. ಇನ್ನೊಂದು ಇರುವೆ ಬಲಿತ ಮರಿಹುಳುವನ್ನು ದವಡೆಯಲ್ಲಿ ಹಿಡಿದು ಆ ಅಂಚಿನಿಂದ ಈ ಅಂಚಿಗೆ ಓಡಾಡಿಸುತ್ತದೆ. ಮರಿ ರೇಷ್ಮೆ ಬಿಡುತ್ತದೆ. ಮರಿಯೇ ಲಾಳಿ. ತನ್ನ ಗೂಡಿಗೆ ಬೇಕಾದ ರೇಷ್ಮೆಯನ್ನು ಅದು ಮನೆಗೆ ಕೊಟ್ಟುಬಿಡುವುದರಿಂದ, ಕೋಶವಾದಾಗ ಮೈಮೇಲೆ ಹೊದಿಕೆ ಇರುವುದಿಲ್ಲ. (ನಿಜ ಹೇಳಬೇಕೆಂದರೆ ಇಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ನಡೆಯುವುದು ಅಂಟಿಸುವ ಕೆಲಸ. ‘ನೇಕಾರ ಇರುವೆ’ ಎಂಬುದು ಇಂಗ್ಲಿಷಿನ ಮೂಲಕ ಬಂದ ಮಾತು. ಚಗಳಿ ಎಂದಾಗ ಮಲೆನಾಡಿಗರಿಗೆ ನೆನಪಾಗುವುದು ಚಟ್ನಿ.)

ಈಗ ನನ್ನ ತಕರಾರಿಗೆ ಬರುತ್ತೇನೆ. ಈಕೊಫಿಲ್ಲ ಎಂಬ ಗ್ರೀಕ್ ಮೂಲದ ಪದಕ್ಕೆ ಅರ್ಥ ‘ಎಲೆಮನೆ’. ಫ್ರೆಡರಿಕ್ ಸ್ಮಿತ್ 1860ರಲ್ಲಿ ಇಟ್ಟ ಹೆಸರು, ಬದುಕಿರುವ ಇರುವೆಯ ನಡತೆ ಕಂಡು ಹುಟ್ಟಿದ್ದು. ಕಲ್ಲಿನೊಳಗಿನ ಇರುವೆಯನ್ನು ತಲೆ, ಸೊಂಟಗಳ ಆಕಾರ ನೋಡಿ ಈ ಕುಲಕ್ಕೆ ಸೇರಿಸಿದಾಗ, ಅದರ ಜೊತೆಗೇ ಒಂದು ಮನೆಯನ್ನೂ ಕಟ್ಟಿಕೊಟ್ಟಂತಾಗುತ್ತದೆ. ದೇಹದಿಂದ ನಡತೆಗೆ ಹಾರುವ ಈ ಜಿಗಿತವನ್ನು ವರ್ಣನೆಯ ಭಾಗ ಎಲ್ಲೂ ಹೇಳುವುದಿಲ್ಲ, ಹೆಸರೇ ಹೇಳಿ ಮುಗಿಸಿರುತ್ತದೆ. ಕೋಶಗಳು ಬೆತ್ತಲೆ ಎಂದು ಯಾರಾದರೂ ತೋರಿಸಿದರೂ ನೇಯ್ಗೆ ಸಾಬೀತಾಗದು. ನೇಯದ ಎಷ್ಟೋ ಇರುವೆಗಳ ಕೋಶಗಳಿಗೂ ಹೊದಿಕೆ ಇರುವುದಿಲ್ಲ.

ಅದೇ 1964ರಲ್ಲಿ ಲೂಯಿ ಲೀಕಿ ಇನ್ನಿಬ್ಬರೊಂದಿಗೆ ಒಲ್ಡುವಾಯಿಯ ಮಾನವ ಪಳೆಯುಳಿಕೆಗೆ ಹೋಮೋ ಹ್ಯಾಬಿಲಿಸ್ ಎಂದು ಹೆಸರಿಟ್ಟರು. ಅರ್ಥ ‘ಕೈಚಳಕವುಳ್ಳವ’. ಅಲ್ಲೂ ಮೂಳೆಗಿಂತ ಮುಂಚೆ ಹೆಸರು ಮಾತಾಡುತ್ತದೆ.

ಆದರೆ ಮ್ಫಾಂಗಾನೊ ಪ್ರಬಂಧವನ್ನು ಇಷ್ಟಕ್ಕೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಲೇಖಕರು ಕೆಲಸಗಾರ ಇರುವೆಗಳ ದೇಹದ ಭಾಗಗಳನ್ನು ಅಳೆದರು. ಅಳತೆಗಳು ಎರಡು ಗುಂಪಾಗಿ ಬಿದ್ದವು: ದೊಡ್ಡವು, ಸಣ್ಣವು. ಇವತ್ತಿನ ಚಗಳಿಯಲ್ಲೂ ಹೀಗೆಯೇ. ದೊಡ್ಡವು ಆಹಾರ ತರುತ್ತವೆ, ಗೂಡು ಕಟ್ಟುತ್ತವೆ, ಕಾಯುತ್ತವೆ. ಸಣ್ಣವು ಹೆಚ್ಚಾಗಿ ಒಳಗಿದ್ದು ಮರಿ ನೋಡಿಕೊಳ್ಳುತ್ತವೆ. ಒಂಟಿ ಇರುವೆಯ ಪಳೆಯುಳಿಕೆಯಿಂದ ಇದು ಎಂದೂ ತಿಳಿಯುತ್ತಿರಲಿಲ್ಲ. ಒಂದೇ ಪ್ರತಿ ಹಿಡಿದು ಕೂತ ಸಂಪಾದಕನಿಗೆ ಪಾಠಾಂತರ ಎಂಬುದೇ ಇರುವುದಿಲ್ಲ. ಪ್ರತಿಗಳು ಹೆಚ್ಚಿದಾಗಲೇ ಯಾವುದು ತಪ್ಪು, ಯಾವುದು ಕ್ರಮ ಎಂದು ಕಾಣತೊಡಗುತ್ತದೆ. ಇಲ್ಲಿ ವರ್ಣನೆಯ ವಸ್ತು ಒಂದು ಇರುವೆ ಆಗಿರದೆ ಇರುವೆಗಳ ನಡುವಿನ ಸಂಬಂಧವಾಗಿದೆ. ಹೋಲೋಟೈಪಿನ ಛಂದಸ್ಸಿಗೆ ಇದು ಒಗ್ಗುವುದಿಲ್ಲ. ನಿಯಮದಂತೆ ಹೆಸರು ಹೊರಬೇಕಾದ್ದು ಒಂದೇ ಇರುವೆ, ಹೇಳಬೇಕಾದ್ದು ಇಡೀ ಗೂಡಿನ ವಿಷಯ. ಈ ಎಳೆದಾಟದಿಂದಲೇ ಪ್ರಬಂಧಕ್ಕೆ ಜೀವ ಬಂದಿದೆ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಹೋಲಿಸಿ ನೋಡಲು 2008ರ ಇನ್ನೊಂದು ಪ್ರಬಂಧವಿದೆ. ಡ್ಲುಸ್ಕಿ, ವಾಪ್ಲರ್, ವೆಡ್‌ಮನ್ ಎಂಬವರು ಜರ್ಮನಿಯ ಮೆಸೆಲ್ ಮತ್ತು ಎಕ್‌ಫೆಲ್ಡಿನ ಸರೋವರ ಪದರಗಳಿಂದ ಇದೇ ಕುಲದ ಎರಡು ಪ್ರಭೇದಗಳನ್ನು ವರ್ಣಿಸಿದರು. ವಯಸ್ಸು ನಾಲ್ಕೂವರೆ ಕೋಟಿ ವರ್ಷದ ಆಸುಪಾಸು. ಅಲ್ಲಿ ಗೂಡಿಲ್ಲ. ಹಾರುವಾಗ ನೀರಿಗೆ ಬಿದ್ದ ರೆಕ್ಕೆಯ ರಾಣಿಗಳೇ ಸರೋವರದ ತಳದಲ್ಲಿ ಉಳಿಯುವುದು ಹೆಚ್ಚು. ಮರದ ಮೇಲಿನ ಕೆಲಸಗಾರರು ಕಲ್ಲಿನ ದಾಖಲೆಗೆ ಬರುವುದು ಅಪರೂಪ. ಆಸ್ಥಾನದ ಕಾವ್ಯ ಉಳಿದು ಬೀಸುವ ಕಲ್ಲಿನ ಹಾಡು ಕಳೆದುಹೋದದ್ದನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಆ ಎರಡರ ಹೆಸರು ಲಾಂಗಿಸೆಪ್ಸ್, ಎಕ್‌ಫೆಲ್ಡಿಯಾನ. ಒಂದು ‘ಉದ್ದತಲೆಯದು’, ಇನ್ನೊಂದು ‘ಎಕ್‌ಫೆಲ್ಡಿನದು’. ಒಂದಕ್ಕೆ ದೇಹದ ಹೆಸರು, ಒಂದಕ್ಕೆ ಊರಿನ ಹೆಸರು. ಮ್ಫಾಂಗಾನೊದ ಇರುವೆಗೆ ಮಾತ್ರ ಒಬ್ಬ ವ್ಯಕ್ತಿಯ ಹೆಸರು. ಕೀನ್ಯಾ ಸ್ವತಂತ್ರವಾದದ್ದು 1963ರ ಡಿಸೆಂಬರಿನಲ್ಲಿ. ಮರುವರ್ಷ ಅದರ ಇರುವೆಯೊಂದು ಲೀಕಿಯ ಹೆಸರು ಹೊತ್ತು ಗ್ರಂಥಸ್ಥವಾಯಿತು. ಲೀಕಿ ಕೀನ್ಯಾದಲ್ಲೇ ಹುಟ್ಟಿದವರು, ಆ ದ್ವೀಪಗಳ ಪಳೆಯುಳಿಕೆಗಾಗಿ ದುಡಿದವರು. ಗೌರವಕ್ಕೆ ಅರ್ಹರಲ್ಲ ಎಂದು ನಾನು ಹೇಳುತ್ತಿಲ್ಲ. ದ್ವೀಪದ ಹೆಸರು ಬರಬಹುದಾಗಿದ್ದ ಜಾಗದಲ್ಲಿ ಅದು ಬರಲಿಲ್ಲ, ಮತ್ತು ಆದ್ಯತೆಯ ನಿಯಮದ ಪ್ರಕಾರ ಮೊದಲಿಟ್ಟ ಹೆಸರನ್ನು ಸುಮ್ಮನೆ ಬದಲಿಸುವಂತಿಲ್ಲ.

ಇನ್ನೊಂದು ಮಾತು. ಪ್ರಬಂಧದ ಶೀರ್ಷಿಕೆಯಲ್ಲೇ ಸಮಾಜಜೀವನದ ಪ್ರಾಚೀನತೆಗೆ ಹೊಸ ಸಾಕ್ಷ್ಯ ಎಂಬ ಘೋಷಣೆ ಇದೆ. ಹನ್ನೊಂದು ವರ್ಷದ ನಂತರ, 1975ರಲ್ಲಿ, ವಿಲ್ಸನ್ ‘ಸೋಶಿಯೋಬಯಾಲಜಿ’ ಬರೆದು, ಕೊನೆಯ ಅಧ್ಯಾಯದಲ್ಲಿ ಮನುಷ್ಯನನ್ನೂ ಅದೇ ಚೌಕಟ್ಟಿಗೆ ತಂದು ದೊಡ್ಡ ಜಗಳಕ್ಕೆ ಸಿಕ್ಕಿಕೊಂಡರು. 1964ರ ಬರಹದಲ್ಲಿ ಆ ಜಗಳದ ಬೀಜ ಹುಡುಕುವ ಆಸೆ ಯಾರಿಗೂ ಆಗಬಹುದು, ನನಗೂ ಆಯಿತು. ಹುಡುಕಬಾರದು. ಲೇಖಕನ ಮುಂದಿನ ಪುಸ್ತಕವನ್ನು ಹಿಂದಿನದರೊಳಗೆ ಓದುವ ಚಾಳಿ ನಮ್ಮ ವಿಮರ್ಶೆಯಲ್ಲಿ ಈಗಾಗಲೇ ಸಾಕಷ್ಟಿದೆ. ಈ ಪ್ರಬಂಧ ಎರಡು ಅಳತೆಯ ಕೆಲಸಗಾರರನ್ನು ತೋರಿಸುತ್ತದೆ, ಅದಕ್ಕೆ ಲೆಕ್ಕ ಕೊಡುತ್ತದೆ. ಅವು ಎಲೆ ಹೊಲಿದವೋ ಇಲ್ಲವೋ ಎಂಬಲ್ಲಿ ಸಂಪಾದಕರಾದ ನಾವು ಚೌಕ ಆವರಣ ಹಾಕಿ, ಒಳಗೆ ಮೂರು ಚುಕ್ಕಿ ಇಡುತ್ತಿದ್ದೆವು.